ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿ: ಹುಡುಕುವ ಚೌಕಕ್ಕಿಂತ ದಾಖಲೆಯ ಗುರುತನ್ನು ನಂಬಿ

ವಿಶ್ವಸಂಸ್ಥೆಯಲ್ಲಿ ಯಾವ ದೇಶ ಯಾವ ಕಡೆ ಮತ ಹಾಕಿತು ಎಂದು ವಾದ ಎದ್ದಾಗ ಮೂಲ ಕಾಗದ ತೆಗೆದು ನೋಡುವವರು ಕಡಿಮೆ. ಕಾಗದವೇನೂ ಬೀಗ ಹಾಕಿಟ್ಟಿಲ್ಲ. ಡಿಜಿಟಲ್‌ಲೈಬ್ರರಿ ಡಾಟ್ ಯುಎನ್ ಡಾಟ್ ಆರ್ಗ್ ಎಂಬ ತಾಣ 2017ರಿಂದ ಇದೆ. ನ್ಯೂಯಾರ್ಕಿನ ಡಾಗ್ ಹಮರ್‌ಷೋಲ್ಡ್ ಗ್ರಂಥಾಲಯ ಮತ್ತು ಜಿನೀವಾದ ವಿಶ್ವಸಂಸ್ಥೆ ಗ್ರಂಥಾಲಯ ಸೇರಿ ಇದನ್ನು ನಡೆಸುತ್ತವೆ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ನಿರ್ಣಯ, ಕರಡು, ಸಭೆಯ ನಡಾವಳಿ, ಮತಪಟ್ಟಿ, ವರದಿ, ಭಾಷಣಗಳ ಸೂಚಿ ಎಲ್ಲ ಅಲ್ಲಿವೆ. ಆದರೂ ಮೊದಲ ಸಲ ಹೋದವರಲ್ಲಿ ಹೆಚ್ಚಿನವರು ಬರಿಗೈಲಿ ವಾಪಸ್ ಬರುತ್ತಾರೆ. ಅದಕ್ಕೆ ತಾಣದ ವಿನ್ಯಾಸ ಅರ್ಧ ಕಾರಣ. ಇನ್ನರ್ಧ, ವಿಶ್ವಸಂಸ್ಥೆ ಎಂಬುದು ಒಂದೇ ಕಚೇರಿಯಲ್ಲ ಎಂಬುದು.

ಮುಖಪುಟದ ಹುಡುಕುವ ಚೌಕ ಈ ಸೇವೆಯ ಅತಿ ದುರ್ಬಲ ಭಾಗ. ದೇಶದ ಹೆಸರು, ಇಸವಿ, 'ನಿರ್ಣಯ' ಎಂಬ ಪದ ಮೂರನ್ನೂ ಹಾಕಿದರೂ ರಾಯಭಾರಿಗಳ ಪತ್ರ, ಸಚಿವಾಲಯದ ವರದಿ, ಸಭೆಯ ನಡಾವಳಿ, ಬಿದ್ದುಹೋದ ಕರಡು ಎಲ್ಲ ಕಲಸಿಕೊಂಡು ಬರುತ್ತವೆ. ಬದಿಯ ಪಟ್ಟಿಯಲ್ಲಿ ಅಂಗಸಂಸ್ಥೆ, ದಾಖಲೆಯ ಬಗೆ, ಇಸವಿ ಆರಿಸಿ ಕಿರಿದು ಮಾಡಬಹುದು, ಆದರೆ ಏನು ಆರಿಸಬೇಕೆಂದು ಮೊದಲೇ ಗೊತ್ತಿರಬೇಕು. ಸರಿಯಾದ ದಾರಿ ಬೇರೆ: ದಾಖಲೆಯ ಗುರುತು. ದಾಖಲೆಯ ಮೊದಲ ಪುಟದ ಬಲ ಮೇಲ್ಮೂಲೆಯಲ್ಲಿ ಅಚ್ಚಾಗಿರುವ ಆ ಅಕ್ಷರ-ಅಂಕಿಗಳ ಸರಣಿಯನ್ನು ಓದಲು ಕಲಿತರೆ ಲೈಬ್ರರಿಯ ಜೊತೆಗೆ ಸಂಸ್ಥೆಯ ರಚನೆಯೂ ಅರ್ಥವಾಗುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದ ಗುರುತುಗಳನ್ನು ತಾಣದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.)

ಮೊದಲ ಅಕ್ಷರ ಮನೆತನ ಹೇಳುತ್ತದೆ. 'ಎ' ಎಂದರೆ ಸಾಮಾನ್ಯ ಸಭೆ, 'ಎಸ್' ಭದ್ರತಾ ಮಂಡಳಿ, 'ಇ' ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, 'ಎಸ್‌ಟಿ' ಸಚಿವಾಲಯ. ಅದರ ಮುಂದೆ 'ಸಿ.1'ರಿಂದ 'ಸಿ.6'ರವರೆಗೆ ಬಂದರೆ ಸಾಮಾನ್ಯ ಸಭೆಯ ಆರು ಸಮಿತಿಗಳು. ಒಂದನೆಯದು ನಿಶ್ಶಸ್ತ್ರೀಕರಣ, ಮೂರನೆಯದು ಮಾನವ ಹಕ್ಕು ಮತ್ತು ಸಾಮಾಜಿಕ ವಿಷಯ, ಐದನೆಯದು ಹಣಕಾಸು, ಆರನೆಯದು ಕಾನೂನು. 'ಆರ್‌ಇಎಸ್' ಅಂದರೆ ಅಂಗೀಕಾರವಾದ ನಿರ್ಣಯ, 'ಎಲ್' ಅಂದರೆ ಇನ್ನೂ ಕರಡು, 'ಪಿವಿ' ಅಂದರೆ ಮಾತಿಗೆ ಮಾತು ಬರೆದ ನಡಾವಳಿ, 'ಎಸ್‌ಆರ್' ಅಂದರೆ ಸಭೆಯ ಸಾರಾಂಶವಷ್ಟೇ ಇರುವ ನಡಾವಳಿ. ಕೊನೆಗೆ 'ರೆವ್', 'ಆಡ್', 'ಕಾರ್' ಎಂಬ ಬಾಲಗಳಿರಬಹುದು: ಪರಿಷ್ಕರಣೆ, ಸೇರ್ಪಡೆ, ತಿದ್ದುಪಡಿ. 'ಕಾರ್' ಬಾಲದ ಹಾಳೆಯನ್ನು ನೋಡದೆ ಮೂಲವನ್ನು ಉಲ್ಲೇಖಿಸಿದರೆ, ಅವರೇ ತಿದ್ದಿಕೊಂಡ ತಪ್ಪನ್ನು ನಾವು ಮತ್ತೆ ಹಂಚಿದಂತೆ.

ಸಂಖ್ಯೆ ಹಾಕುವ ಪದ್ಧತಿ ನಡುವೆ ಬದಲಾಗಿದೆ. ಸಾಮಾನ್ಯ ಸಭೆಯ 30ನೇ ಅಧಿವೇಶನದವರೆಗೆ ನಿರ್ಣಯಗಳಿಗೆ ಒಂದೇ ಸಾಲು ಸಂಖ್ಯೆ, ಪಕ್ಕದಲ್ಲಿ ಆವರಣದೊಳಗೆ ಅಧಿವೇಶನದ ರೋಮನ್ ಅಂಕಿ. 1948ರ ಮಾನವ ಹಕ್ಕುಗಳ ಘೋಷಣೆ 217, ಆವರಣದಲ್ಲಿ ರೋಮನ್ ಮೂರು. 217ರಲ್ಲಿ ಐದು ಭಾಗಗಳಿವೆ, ಘೋಷಣೆ ಮೊದಲ ಭಾಗ ಮಾತ್ರ; ಉಳಿದವನ್ನೂ ಘೋಷಣೆಯೆಂದು ಓದಿಬಿಡಬೇಡಿ. 31ನೇ ಅಧಿವೇಶನದಿಂದ ಅಧಿವೇಶನ ಮೊದಲು, ಸಂಖ್ಯೆ ಆಮೇಲೆ: ಎ/ಆರ್‌ಇಎಸ್/76/262. ಭದ್ರತಾ ಮಂಡಳಿಯದು ಮಾತ್ರ ಮೊದಲಿನಿಂದ ಒಂದೇ ಸಾಲು, ಆವರಣದಲ್ಲಿ ಇಸವಿ: ಎಸ್/ಆರ್‌ಇಎಸ್/242 (1967). ತುರ್ತು ವಿಶೇಷ ಅಧಿವೇಶನಗಳಿಗೆ 'ಇಎಸ್' ಎಂಬ ಬೇರೆಯೇ ಸಾಲು. 2022ರ ನಿರ್ಣಯಗಳೆಲ್ಲ ಬೇಕೆಂದು 76 ಮತ್ತು 77ನೇ ಅಧಿವೇಶನಗಳನ್ನಷ್ಟೇ ಆರಿಸಿಕೊಂಡರೆ ಆ ವರ್ಷ ಅತಿ ಹೆಚ್ಚು ಚರ್ಚೆಯಾದ ನಿರ್ಣಯವೇ ಕೈ ತಪ್ಪುತ್ತದೆ, ಏಕೆಂದರೆ ಅದು ಇಎಸ್-11ರಲ್ಲಿದೆ.

ಗುರುತು ಎಷ್ಟು ಹೇಳುತ್ತದೆ ಎನ್ನುವುದಕ್ಕೆ 2022ರ ಫೆಬ್ರವರಿಯ ಮೂರು ದಿನ ಸಾಕು. 25ರಂದು ಉಕ್ರೇನ್ ಕುರಿತ ಕರಡು ಎಸ್/2022/155 ಭದ್ರತಾ ಮಂಡಳಿಯಲ್ಲಿ ಮತಕ್ಕೆ ಬಂತು: ಪರ 11, ವಿರುದ್ಧ 1, ತಟಸ್ಥ 3. ಬಿದ್ದುಹೋಯಿತು. 27ರಂದು ಇನ್ನೊಂದು ಕರಡು ಬಂತು: ಪರ 11, ವಿರುದ್ಧ 1, ತಟಸ್ಥ 3. ಅಂಗೀಕಾರವಾಯಿತು, ಎಸ್/ಆರ್‌ಇಎಸ್/2623 (2022) ಎಂದಾಯಿತು. ಎರಡೂ ಸಲ ವಿರುದ್ಧ ನಿಂತದ್ದು ರಷ್ಯಾ. ತಟಸ್ಥ ಉಳಿದವು ಚೀನಾ, ಭಾರತ, ಯುಎಇ. ಅಂಕಿಗಳು ಒಂದೇ, ಫಲ ಬೇರೆ. ಕಾರಣ ವಿಶ್ವಸಂಸ್ಥೆಯ ಸನ್ನದಿನ (ಸ್ಥಾಪನಾ ಒಪ್ಪಂದದ) 27ನೇ ವಿಧಿ. ಕಾರ್ಯವಿಧಾನದ ಪ್ರಶ್ನೆಗೆ 15ರಲ್ಲಿ ಯಾವ ಒಂಬತ್ತು ಮತವಾದರೂ ಸಾಕು. ಉಳಿದ ವಿಷಯಗಳಿಗೆ ಒಂಬತ್ತು ಮತದ ಜೊತೆ ಐದು ಕಾಯಂ ಸದಸ್ಯರ ಒಪ್ಪಿಗೆಯೂ ಬೇಕು. ಮೊದಲ ಕರಡು ವಿಷಯದ್ದು, ಹಾಗಾಗಿ ವಿಟೊ ನಡೆಯಿತು. ಎರಡನೆಯದು ಸಾಮಾನ್ಯ ಸಭೆಯ ತುರ್ತು ಅಧಿವೇಶನ ಕರೆಯುವ ಕಾರ್ಯವಿಧಾನ, ಅದೇ ಸಭೆಯ 1950ರ 377ನೇ ನಿರ್ಣಯ ತೆರೆದಿಟ್ಟ ದಾರಿ. ಅಲ್ಲಿ ವಿಟೊಗೆ ಜಾಗವಿಲ್ಲ. ಕಾಯಂ ಸದಸ್ಯನಾದ ಚೀನಾ ತಟಸ್ಥವಾಗಿದ್ದುದು ವಿಟೊ ಎನಿಸಲಿಲ್ಲ. ಹಾಗೆ ಎಣಿಸದಿರುವುದು ಹಳೆಯ ರೂಢಿ, ಅಂತರರಾಷ್ಟ್ರೀಯ ನ್ಯಾಯಾಲಯವೂ 1971ರಲ್ಲಿ ನಮೀಬಿಯಾ ಕುರಿತ ಅಭಿಪ್ರಾಯದಲ್ಲಿ ಅದನ್ನು ಒಪ್ಪಿದೆ.

ಲೈಬ್ರರಿ ಬಳಸುವವರು ಇಲ್ಲೇ ಎಡವುತ್ತಾರೆ. ವಿಟೊಗೆ ಸಿಕ್ಕ ಕರಡಿಗೆ 'ಆರ್‌ಇಎಸ್' ಸಂಖ್ಯೆ ಬರುವುದೇ ಇಲ್ಲ, ಮತಪಟ್ಟಿಯ ವಿಭಾಗ ಅಂಗೀಕಾರವಾದ ನಿರ್ಣಯಗಳದ್ದು. ನಿರ್ಣಯಗಳಲ್ಲಿ ಮಾತ್ರ ಹುಡುಕಿದವರಿಗೆ 25ರಂದು ಏನೂ ನಡೆದೇ ಇಲ್ಲ ಎನಿಸುತ್ತದೆ. ಅಂಥವಕ್ಕೆ ಡಾಗ್ ಹಮರ್‌ಷೋಲ್ಡ್ ಗ್ರಂಥಾಲಯದ ಸಂಶೋಧನಾ ಮಾರ್ಗದರ್ಶಿಯಲ್ಲಿ ವಿಟೊಗಳ ಪ್ರತ್ಯೇಕ ಪಟ್ಟಿಯಿದೆ. 1946ರ ಫೆಬ್ರವರಿ 16ರಂದು ಸೋವಿಯತ್ ಒಕ್ಕೂಟ ಚಲಾಯಿಸಿದ ಮೊದಲ ವಿಟೊದಿಂದ ಶುರುವಾಗಿ ಕರಡಿನ ಗುರುತು, ಸಭೆಯ ಗುರುತು, ವಿಟೊ ಹಾಕಿದ ದೇಶ ಎಲ್ಲ ಒಂದೇ ಸಾಲಿನಲ್ಲಿವೆ. ಇಡೀ ವ್ಯವಸ್ಥೆಯಲ್ಲಿ ಅಚ್ಚುಕಟ್ಟಾದ ಪುಟ ಅದೊಂದೇ ಎಂದರೂ ನಡೆದೀತು. ಯಾರು ಏನು ಮಾತಾಡಿದರು ಎಂದು ಓದಲು ನಡಾವಳಿ ತೆರೆಯಿರಿ: 25ರದು ಎಸ್/ಪಿವಿ.8979, 27ರದು ಎಸ್/ಪಿವಿ.8980.

ಮತಪಟ್ಟಿಯ ಪುಟ ನೋಡಲು ಬೋಳು. ದೇಶಗಳ ಹೆಸರು ಸಾಲಾಗಿ, ಪ್ರತಿ ಹೆಸರಿನ ಹಿಂದೆ ಒಂದಕ್ಷರ: 'ವೈ' ಪರ, 'ಎನ್' ವಿರುದ್ಧ, 'ಎ' ತಟಸ್ಥ. ಕೆಲವು ಹೆಸರುಗಳ ಹಿಂದೆ ಏನೂ ಇರುವುದಿಲ್ಲ. ಆ ದೇಶ ಮತ ಹಾಕಿಲ್ಲ ಎಂದರ್ಥ. ನಮ್ಮ ಪತ್ರಿಕೆಗಳ 'ಮತದಾನದಿಂದ ದೂರ ಉಳಿದವು' ಎಂಬ ಮಾತು 'ಎ'ಗೂ ಖಾಲಿ ಜಾಗಕ್ಕೂ ಒಟ್ಟಿಗೆ ಬಳಕೆಯಾಗಿ ಬಹಳ ಗೊಂದಲ ಮಾಡಿದೆ. 2022ರ ಮಾರ್ಚ್ 2ರ ಎ/ಆರ್‌ಇಎಸ್/ಇಎಸ್-11/1ರಲ್ಲಿ ಪರ 141, ವಿರುದ್ಧ 5, ತಟಸ್ಥ 35. ಕೂಡಿಸಿದರೆ 181. ಸದಸ್ಯರು 193. ಉಳಿದ ಹನ್ನೆರಡು ಖಾಲಿ. ತಟಸ್ಥ ಎನ್ನುವುದು ಕುಳಿತು, ಗುಂಡಿ ಒತ್ತಿ, ದಾಖಲಿಸಿದ ನಿಲುವು. ಖಾಲಿ ಎನ್ನುವುದಕ್ಕೆ ನೂರು ಕಾರಣ ಇರಬಹುದು: ಪ್ರತಿನಿಧಿ ಬಂದಿರಲಿಕ್ಕಿಲ್ಲ, ಬೇಕೆಂದೇ ಹೊರಗಿರಬಹುದು, ಇಲ್ಲವೇ ವಂತಿಗೆ ಬಾಕಿ ಎರಡು ವರ್ಷದ ಮೊತ್ತ ಮುಟ್ಟಿ 19ನೇ ವಿಧಿಯಂತೆ ಮತದ ಹಕ್ಕೇ ಹೋಗಿರಬಹುದು. ಆ ದಿನ ವೆನೆಜುವೆಲಾದ ಹಿಂದಿನ ಖಾಲಿ ಜಾಗ ಈ ಕೊನೆಯ ಬಗೆಯದು. ಪುಟ ಮಾತ್ರ ಇವುಗಳ ನಡುವೆ ಯಾವ ವ್ಯತ್ಯಾಸವನ್ನೂ ತೋರಿಸುವುದಿಲ್ಲ. ದೊಡ್ಡ ಕೊರತೆ ಇದು.

ಇನ್ನೊಂದು ಸೂಕ್ಷ್ಮವಿದೆ. ತಪ್ಪು ಗುಂಡಿ ಒತ್ತಿದ, ಅಥವಾ ತಡವಾಗಿ ಬಂದ ಪ್ರತಿನಿಧಿಗಳು ಆಮೇಲೆ ಸಚಿವಾಲಯಕ್ಕೆ ತಮ್ಮ ಉದ್ದೇಶ ತಿಳಿಸಬಹುದು. ನಡಾವಳಿಯಲ್ಲಿ 'ಆಮೇಲೆ ಇಂಥ ನಿಯೋಗ ತಾನು ಪರವಾಗಿ ಮತ ಹಾಕಲು ಬಯಸಿದ್ದಾಗಿ ತಿಳಿಸಿತು' ಎಂಬ ಒಕ್ಕಣೆ ಸೇರುತ್ತದೆ, ಒಟ್ಟು ಎಣಿಕೆ ಬದಲಾಗುವುದಿಲ್ಲ. ಆದ್ದರಿಂದ ಒಂದು ದೇಶದ ಮತದ ಮೇಲೆ ವಾದ ಕಟ್ಟುವ ಮೊದಲು ಮತಪಟ್ಟಿಯ ಜೊತೆ 'ಪಿವಿ'ಯನ್ನೂ ತೆರೆದು ನೋಡಲೇಬೇಕು.

'193 ದೇಶಗಳೂ ಪರವಾಗಿ ಮತ ಹಾಕಿದವು' ಎಂಬ ಸಾಲು ಕಂಡರೆ ಅನುಮಾನಪಡಿ. ಸಾಮಾನ್ಯ ಸಭೆಯ ಬಹುಪಾಲು ನಿರ್ಣಯಗಳು ಮತಕ್ಕೆ ಹೋಗದೆಯೇ ಅಂಗೀಕಾರವಾಗುತ್ತವೆ. ಮೇಲೆ ಹೇಳಿದ 76/262 ಅಂಥದ್ದೇ. ವಿಟೊ ಬಿದ್ದ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಚರ್ಚಿಸಬೇಕು ಎಂಬ ಈ ನಿರ್ಣಯ 2022ರ ಏಪ್ರಿಲ್ 26ರಂದು ಮತವಿಲ್ಲದೆ ಒಪ್ಪಿಗೆಯಾಯಿತು. ಯಾರೂ ಎದ್ದು ಮತ ಕೇಳಲಿಲ್ಲ, ಅಷ್ಟೆ. ಅದನ್ನು 193 'ವೈ' ಎಂದು ಎಣಿಸಲು ಬರುವುದಿಲ್ಲ. ದಾಖಲಿತ ಮತವನ್ನು ಯಾರೂ ಕೇಳದೆ ಬರೀ ಎಣಿಕೆ ನಡೆದಿದ್ದರೆ ಒಟ್ಟು ಅಂಕಿ ಮಾತ್ರ ಸಿಗುತ್ತದೆ, ದೇಶವಾರು ವಿವರ ಎಲ್ಲಿ ಹುಡುಕಿದರೂ ಇರುವುದಿಲ್ಲ. ಸಮಿತಿಯ ಮತ, ಪೂರ್ಣ ಸಭೆಯ ಮತ ಇವೂ ಬೇರೆ ಬೇರೆ. ಒಂದನೇ ಸಮಿತಿಯಲ್ಲಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಒಂದು ಎಣಿಕೆ, ಡಿಸೆಂಬರಿನಲ್ಲಿ ಪೂರ್ಣ ಸಭೆಯಲ್ಲಿ ಇನ್ನೊಂದು. ಮತಪಟ್ಟಿಯಲ್ಲಿ ಇರುವುದು ಎರಡನೆಯದು. ಮೊದಲನೆಯದಕ್ಕೆ ಆ ಸಮಿತಿಯ ವರದಿ ನೋಡಬೇಕು. ನವೆಂಬರಿನ ಸುದ್ದಿಯ ಅಂಕಿಗೂ ಲೈಬ್ರರಿಯ ಅಂಕಿಗೂ ತಾಳೆಯಾಗದಿದ್ದರೆ ಇದೇ ಕಾರಣವಿದ್ದೀತು.

ದಶಕಗಳ ಮತ ಕೂಡಿಸುವವರು ಹೆಸರುಗಳ ಮೇಲೆ ಕಣ್ಣಿಡಬೇಕು. 'ಚೀನಾ' ಎಂಬ ಆಸನದಲ್ಲಿ 1971ರ ಅಕ್ಟೋಬರ್ 25ರವರೆಗೆ ಕುಳಿತಿದ್ದದ್ದು ತೈಪೆಯ (ತೈವಾನಿನ) ಸರ್ಕಾರ. ಅಂದು 2758ನೇ ನಿರ್ಣಯ 76-35-17 ಮತಗಳಿಂದ ಅಂಗೀಕಾರವಾಗಿ ಬೀಜಿಂಗ್ ಬಂತು. ಹೆಸರೊಂದೇ ನೋಡಿ ಗ್ರಾಫ್ ಎಳೆದರೆ ಎರಡು ಸರ್ಕಾರಗಳ ಮತ ಒಂದೇ ಗೆರೆಯಾಗುತ್ತದೆ.

ಗುರುತು ಗೊತ್ತಿದ್ದು ಕಾಗದವಷ್ಟೇ ಬೇಕಿದ್ದರೆ ಲೈಬ್ರರಿಗೆ ಹೋಗುವುದೇ ಬೇಡ. ಡಾಕ್ಸ್ ಡಾಟ್ ಯುಎನ್ ಡಾಟ್ ಆರ್ಗ್ ಎಂದು ಹಾಕಿ, ಓರೆಗೆರೆಯ ಮುಂದೆ ಗುರುತನ್ನು ನಡುವೆ ಜಾಗ ಬಿಡದೆ ಅಂಟಿಸಿದರೆ ನೇರ ಹಾಳೆ ತೆರೆಯುತ್ತದೆ. ಅಧಿಕೃತ ಭಾಷೆ ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. 1993ರ ನಂತರದ ದಾಖಲೆಗಳು ಹುಟ್ಟಿನಿಂದಲೇ ಡಿಜಿಟಲ್, ಒಳಗಿನ ಪದಗಳನ್ನೂ ಸರಾಗವಾಗಿ ಹುಡುಕಬಹುದು. ಹಳೆಯವು ಸ್ಕ್ಯಾನ್ ಮಾಡಿದವು. ಮಸುಕು ಅಕ್ಷರ, ಎರಡು ಅಂಕಣದ ಪುಟ ಇದ್ದಲ್ಲಿ ಪದ ಹುಡುಕಿ ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ, ಕಣ್ಣಲ್ಲೇ ಓದಬೇಕು.

ಹೊಸ ನಿರ್ಣಯ ಒಪ್ಪಿಗೆಯಾದ ಮರುದಿನವೇ 'ಆರ್‌ಇಎಸ್' ಹಾಳೆ ಬರುತ್ತದೆಂದು ಕಾಯಬೇಡಿ. ಸಾಮಾನ್ಯ ಸಭೆಯಲ್ಲಿ ಅದಕ್ಕೆ ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕೈಗೆ ಸಿಗುವುದು 'ಎಲ್' ಕರಡು, ಸಭೆಯಲ್ಲಿ ಬಾಯಿಮಾತಿನಲ್ಲಿ ಮಾಡಿದ ತಿದ್ದುಪಡಿ ಅದರಲ್ಲಿರುವುದಿಲ್ಲ. ಪತ್ರಿಕಾ ಪ್ರಕಟಣೆ ಬೇಗ ಬರುತ್ತದೆ, ಅದರ ಗುರುತು 'ಎಸ್‌ಸಿ/' ಅಥವಾ 'ಜಿಎ/'. 'ಎಸ್/' ಕಂಡಂತೆ ಅದನ್ನೂ ಮಂಡಳಿಯ ದಾಖಲೆ ಎಂದುಕೊಳ್ಳುವವರಿದ್ದಾರೆ. ಅದು ಅಧಿಕೃತ ದಾಖಲೆಯಲ್ಲ ಎಂದು ಅದರಲ್ಲೇ ಬರೆದಿರುತ್ತದೆ.

ಇನ್ನು ಇಲ್ಲದ್ದರ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ ಇಲ್ಲಿ ಹುಡುಕಿ ಬೇಸರಪಟ್ಟರೆ ತಪ್ಪು ಲೈಬ್ರರಿಯದಲ್ಲ. ಆರೋಗ್ಯ, ಕಾರ್ಮಿಕ, ಶಿಕ್ಷಣ, ಆಹಾರ ಸಂಸ್ಥೆಗಳು ನ್ಯೂಯಾರ್ಕಿನ ಇಲಾಖೆಗಳಲ್ಲ. ಅವುಗಳಿಗೆ ತಮ್ಮದೇ ಸ್ಥಾಪನಾ ಒಪ್ಪಂದ, ಸದಸ್ಯತ್ವ, ಬಜೆಟ್ ಇವೆ. ಸನ್ನದಿನ 57 ಮತ್ತು 63ನೇ ವಿಧಿಗಳಂತೆ ಕರಾರು ಮಾಡಿಕೊಂಡು ವಿಶ್ವಸಂಸ್ಥೆಯ ಜೊತೆ ಸೇರಿಕೊಂಡಿವೆ. ಕಾಗದವೂ ಅವರವರ ಕಪಾಟಿನಲ್ಲೇ: ಆರೋಗ್ಯ ಸಂಸ್ಥೆಯದು ಐರಿಸ್, ಯುನೆಸ್ಕೊದ್ದು ಯುನೆಸ್‌ಡಾಕ್, ಕಾರ್ಮಿಕ ಸಂಸ್ಥೆಯ ಮಾನದಂಡಗಳಿಗೆ ನಾರ್ಮ್‌ಲೆಕ್ಸ್. ವಿಶ್ವ ವ್ಯಾಪಾರ ಸಂಸ್ಥೆಯಂತೂ ಈ ಕುಟುಂಬದ ವಿಶೇಷ ಸಂಸ್ಥೆಯೇ ಅಲ್ಲ, ಅದರ ವ್ಯಾಜ್ಯಗಳ ಕಾಗದ ಅದರದೇ ತಾಣದಲ್ಲಿ 'ಡಬ್ಲ್ಯುಟಿ/ಡಿಎಸ್' ಗುರುತಿನಡಿ ಇದೆ. ಎಲ್ಲವನ್ನೂ ಒಟ್ಟಿಗೆ ಹುಡುಕುವ ಒಂದು ಬಾಗಿಲು ಇದ್ದಿದ್ದರೆ ಚೆನ್ನಿತ್ತು.

ಬಜೆಟ್ ಬೇಕಾದವರು ಒಂದನ್ನು ನೆನಪಿಟ್ಟರೆ ಸಾಕು: ಈಗ ಪ್ರತಿ ಅಧಿವೇಶನದಲ್ಲೂ 'ಎ/ಅಧಿವೇಶನ/6' ಬಜೆಟ್ ಪ್ರಸ್ತಾವ, 7 ಅದರ ಮೇಲಿನ ಸಲಹಾ ಸಮಿತಿಯ ವರದಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೇಳಿದ್ದೆಷ್ಟು, ಕತ್ತರಿ ಹಾಕಿ ಎಂದದ್ದೆಷ್ಟು ತಿಳಿಯುತ್ತದೆ. ಶಾಂತಿಪಾಲನೆಯ ಲೆಕ್ಕ ಅದರಲ್ಲಿಲ್ಲ, ಅದು ಜುಲೈನಿಂದ ಜೂನ್‌ವರೆಗಿನ ಬೇರೆ ಖಾತೆ.

ಒಪ್ಪಂದಗಳಿಗೆ ಟ್ರೀಟೀಸ್ ಡಾಟ್ ಯುಎನ್ ಡಾಟ್ ಆರ್ಗ್ ಇದೆ, ಗುಣಮಟ್ಟದಲ್ಲಿ ಲೈಬ್ರರಿಗಿಂತ ಒಂದು ಕೈ ಮೇಲು. ಪ್ರತಿ ಒಪ್ಪಂದಕ್ಕೂ ಸಹಿಯ ದಿನಾಂಕಕ್ಕೆ ಒಂದು ಅಂಕಣ, ಅನುಮೋದನೆಯ ದಿನಾಂಕಕ್ಕೆ ಇನ್ನೊಂದು. ಮೊದಲನೆಯದು ತುಂಬಿ ಎರಡನೆಯದು ಖಾಲಿಯಿದ್ದರೆ ಆ ದೇಶ ಇನ್ನೂ ಒಪ್ಪಂದದ ಪಕ್ಷವಲ್ಲ. ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಅಮೆರಿಕ 1995ರ ಫೆಬ್ರವರಿ 16ರಂದು ಸಹಿ ಹಾಕಿತು, ಅನುಮೋದನೆಯ ಅಂಕಣ ಬರಿದಾಗಿಯೇ ಇದೆ. ದಿನಾಂಕದ ಪಕ್ಕದ ಪುಟ್ಟ ಅಕ್ಷರವನ್ನೂ ಗಮನಿಸಿ: ಸಣ್ಣ 'ಎ' ಅಂದರೆ ಸಹಿಯಿಲ್ಲದೆ ನೇರ ಸೇರ್ಪಡೆ, ದೊಡ್ಡ 'ಎ' ಅಂದರೆ ಸ್ವೀಕಾರ, ಸಣ್ಣ 'ಡಿ' ಅಂದರೆ ಹಿಂದಿನ ರಾಜ್ಯದಿಂದ ಉತ್ತರಾಧಿಕಾರವಾಗಿ ಬಂದದ್ದು. ಪಟ್ಟಿಯ ಕೆಳಗೆ ಷರತ್ತು, ಘೋಷಣೆಗಳು ಪುಟಗಟ್ಟಲೆ ಇರುತ್ತವೆ. ಒಂದು ದೇಶ ನಿಜಕ್ಕೂ ಏನನ್ನು ಒಪ್ಪಿತು ಎಂಬುದು ಅನೇಕ ಸಲ ಅಲ್ಲೇ ಅಡಗಿರುತ್ತದೆ.

ಆದರೆ ಅಲ್ಲಿನ ಸ್ಥಿತಿಪಟ್ಟಿಯಲ್ಲಿರುವುದು ಮಹಾಕಾರ್ಯದರ್ಶಿಯ ಬಳಿ ಠೇವಣಿ ಇಟ್ಟ ಒಪ್ಪಂದಗಳು ಮಾತ್ರ. ಪರಮಾಣು ಅಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ಆ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು, ಅದರ ಠೇವಣಿದಾರರು (ಒಪ್ಪಂದದ ಮೂಲ ಪ್ರತಿಯನ್ನೂ ಸದಸ್ಯರ ಪಟ್ಟಿಯನ್ನೂ ಕಾಯುವವರು) ಅಮೆರಿಕ, ಬ್ರಿಟನ್, ರಷ್ಯಾ ಸರ್ಕಾರಗಳು. 1949ರ ಜಿನೀವಾ ಒಪ್ಪಂದಗಳದು ಸ್ವಿಟ್ಜರ್ಲೆಂಡ್. ಇವುಗಳ ಪಠ್ಯ ಅದೇ ತಾಣದ ಒಪ್ಪಂದ ಸಂಪುಟಗಳಲ್ಲಿದೆ, ಸದಸ್ಯರ ಈಗಿನ ಪಟ್ಟಿಗೆ ಠೇವಣಿದಾರರ ಕಡೆಗೇ ಹೋಗಬೇಕು. ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ ಒಪ್ಪಂದದ ಕೊನೆಯ ವಿಧಿಗಳನ್ನು ತಿರುವಿ. ಪ್ರಸರಣ ತಡೆ ಒಪ್ಪಂದದಲ್ಲಿ ಅದು ಒಂಬತ್ತನೆಯ ವಿಧಿಯ ಎರಡನೇ ಪ್ಯಾರಾದಲ್ಲಿದೆ.