ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್: ಕೋಣೆಯೊಳಗೆ ನೆಮ್ಮದಿ, ಹೊರಗಿನ ಬೆಂಚಿನಲ್ಲಿ ಮುಜುಗರ

ಮೂರು ತಿಂಗಳಿಂದ ಮುಟ್ಟಾಗದೆ ಒಳಗೊಳಗೇ ಹೆದರಿದ್ದ, 16 ವರ್ಷದ ಅಕ್ಕನ ಮಗಳನ್ನು ನಮ್ಮ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕರೆದೊಯ್ದಿದ್ದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ನಡೆಯುವ ಈ ಸೇವೆಗೆ ಹಣ ಕೊಡಬೇಕಾಗಿಲ್ಲ.

ಆಪ್ತ ಸಮಾಲೋಚಕಿ ಮೊದಲು ಮಾಡಿದ್ದು, ನನ್ನನ್ನು ಹೊರಗೆ ಕೂರುವಂತೆ ವಿನಯದಿಂದ ಕೇಳಿಕೊಂಡು ಬಾಗಿಲು ಮುಚ್ಚಿದ್ದು. ಆ ಕ್ಷಣ ನನಗೆ ಕಸಿವಿಸಿಯಾದರೂ, ನಮ್ಮ ಹುಡುಗಿ ಮನೆಯಲ್ಲಿ ಯಾರೊಡನೆಯೂ ಆಡದ ಮಾತುಗಳನ್ನು ಅಲ್ಲಿ ಮುಕ್ಕಾಲು ಗಂಟೆ ಆಡಿದಳೆಂದು ತಿಳಿದಾಗ ಆ ಬಾಗಿಲಿನ ಬೆಲೆ ಅರ್ಥವಾಯಿತು. ಗರ್ಭ ಪರೀಕ್ಷೆಯನ್ನು ಅವಳ ಒಪ್ಪಿಗೆ ಕೇಳಿಯೇ ಮಾಡಿದರು; ಗರ್ಭವಿಲ್ಲವೆಂಬ ಫಲಿತಾಂಶವನ್ನು ಮೊದಲು ಹೇಳಿದ್ದೂ ಅವಳಿಗೇ. ಹಿಮೋಗ್ಲೋಬಿನ್ 8 ಗ್ರಾಂಗೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದು, ಊಟವಾದ ಮೇಲೆ ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಬೇಕು ಎಂಬುದನ್ನೂ ತಾಳ್ಮೆಯಿಂದ ವಿವರಿಸಿದರು.

ಆದರೆ ಕಾಯುವ ಬೆಂಚು ಗರ್ಭಿಣಿಯರ ತಪಾಸಣೆಯ ಸಾಲಿನ ಎದುರಿಗೇ ಇದೆ. ಊರಿನವರ ಕಣ್ಣಿಗೆ ಬೀಳದೆ ಯಾವ ಹುಡುಗಿಯೂ ಒಳಗೆ ಹೋಗಲಾರಳು.

ಇದಕ್ಕಿಂತ ದೊಡ್ಡ ಕೊರತೆ ಗೋಡೆಯ ಮೇಲಿದೆ. ರಕ್ತಹೀನತೆ, ಕೈತೊಳೆಯುವಿಕೆಗಳ ಭಿತ್ತಿಪತ್ರಗಳಿವೆಯೇ ಹೊರತು, ಗರ್ಭಿಣಿಯಾದ ಬಾಲಕಿಗೆ ಇರುವ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತಿರುವಾಗ ಈ ಮೌನ ಸರಿಯಲ್ಲ. 18ರೊಳಗಿನವಳು ಗರ್ಭಿಣಿಯೆಂದು ತಿಳಿದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಈ ಭಯದಿಂದಲೇ ಹುಡುಗಿಯರು ತಿಂಗಳುಗಟ್ಟಲೆ ತಡಮಾಡುತ್ತಾರೆಂದು ಸಮಾಲೋಚಕಿಯೇ ನೊಂದು ಹೇಳಿದರು. ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಪೋಷಕರು ಕೋರಿಕೊಂಡರೆ ಆ ಮಾಹಿತಿಯಲ್ಲಿ ಆಕೆಯ ಗುರುತನ್ನು ವೈದ್ಯರು ಬಹಿರಂಗಪಡಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಪೋಷಕರ ಲಿಖಿತ ಒಪ್ಪಿಗೆಯಿದ್ದರೆ, ಕಾನೂನಿನ ಷರತ್ತುಗಳಿಗೆ ಒಳಪಟ್ಟು, 20 ವಾರದವರೆಗೆ ಒಬ್ಬ ವೈದ್ಯರ ಹಾಗೂ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ ಗರ್ಭಪಾತಕ್ಕೆ ಅವಕಾಶವೂ ಇದೆ. ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಬೆಂಚಿನ ಎದುರಿಗೆ ಅಂಟಿಸಬೇಕೆಂದು ಸಲಹಾ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬಂದಿದ್ದೇನೆ.

ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಮಧ್ಯಾಹ್ನ ಎರಡರ ನಂತರ ಹೋಗಿ. ಅಷ್ಟು ಹೊತ್ತಿಗೆ ಎದುರಿನ ಸಾಲು ಕರಗಿರುತ್ತದೆ.