ಗ್ನೋಮ್‌ಗೊಂದು ಮೆನು: ಆರ್ಕ್‌ಮೆನು, ಆ್ಯಪ್ಸ್ ಮೆನು, ಪ್ಲೇಸಸ್ ಮೂರರಲ್ಲಿ ಯಾವುದು?

ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಸ್ಟಾರ್ಟ್ ಮೆನು ಇಲ್ಲ. ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಒತ್ತಿದರೆ ತೆರೆದ ವಿಂಡೋಗಳನ್ನೂ ಹುಡುಕುವ ಪೆಟ್ಟಿಗೆಯನ್ನೂ ತೋರಿಸುವ ಓವರ್‌ವ್ಯೂ ಪರದೆ ತುಂಬ ಬರುತ್ತದೆ. ಇದು ಒಗ್ಗದವರು ನೇರ ಆರ್ಕ್‌ಮೆನು ಹಾಕಿಕೊಳ್ಳುತ್ತಾರೆ. ಮೂರೂ ಎಕ್ಸ್‌ಟೆನ್ಷನ್‌ಗಳು, ಅಂದರೆ ಗ್ನೋಮ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು. ಮೂರನ್ನೂ ಬಳಸಿ ನೋಡಿದರೆ, ದಿನವಿಡೀ ಫೋಲ್ಡರ್ ತೆರೆಯುವವರಿಗೆ ಪ್ಲೇಸಸ್ ಒಂದೇ ಸಾಕು ಅನ್ನಿಸುತ್ತದೆ.

ಆರ್ಕ್‌ಮೆನುವಿನಲ್ಲಿ ಏನುಂಟು ಏನಿಲ್ಲ! ಬೇರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳ ವಿಸ್ಕರ್, ಬ್ರಿಸ್ಕ್, ಪ್ಲಾಸ್ಮಾ ಮೆನುಗಳ, ವಿಂಡೋಸ್ 11ರ ಹೋಲಿಕೆಯ ಲೇಔಟ್‌ಗಳು, ಪಿನ್ ಮಾಡಿದ ಆ್ಯಪ್‌ಗಳು, ಹುಡುಕುವ ಪೆಟ್ಟಿಗೆ. ಸೂಪರ್ ಕೀಯನ್ನೂ ಅದೇ ವಹಿಸಿಕೊಳ್ಳಬಲ್ಲದು. ಆಯ್ಕೆಗಳು ವಿಪರೀತ, ಸೆಟ್ಟಿಂಗ್ಸ್‌ನಲ್ಲೇ ಒಂದು ಸಂಜೆ ಕಳೆದೀತು. ಕನ್ನಡ ಟೈಪ್ ಮಾಡುವವರು ಒಂದು ಗಮನಿಸಿ: ಇನ್‌ಪುಟ್ ಕನ್ನಡದಲ್ಲೇ ಇದ್ದರೆ ಹುಡುಕುವ ಪೆಟ್ಟಿಗೆಗೂ ಕನ್ನಡ ಅಕ್ಷರವೇ ಬೀಳುತ್ತದೆ, ಇಂಗ್ಲಿಷ್ ಹೆಸರಿನ ಆ್ಯಪ್ ಸಿಗುವುದಿಲ್ಲ. ಮೊದಲು ಸೂಪರ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಿ.

ಆ್ಯಪ್ಸ್ ಮೆನು ಇದಕ್ಕೆ ತದ್ವಿರುದ್ಧ. ಎಡಕ್ಕೆ ವಿಭಾಗ, ಬಲಕ್ಕೆ ಆ್ಯಪ್, ಅಷ್ಟೇ. ಹುಡುಕಾಟವಿಲ್ಲ, ಸೆಟ್ಟಿಂಗ್ಸ್ ಇಲ್ಲ. ಹೊಸಬರಿಗೆ, ಮನೆಯ ಹಿರಿಯರ ಲ್ಯಾಪ್‌ಟಾಪಿಗೆ ಹೇಳಿಮಾಡಿಸಿದ್ದು.

ಪ್ಲೇಸಸ್ ಮೇಲುಪಟ್ಟಿಯಲ್ಲಿ ಕೂರುತ್ತದೆ: ಹೋಮ್, ಡೌನ್‌ಲೋಡ್ಸ್, ಪೆನ್‌ಡ್ರೈವ್, ನಿಮ್ಮ ಬುಕ್‌ಮಾರ್ಕ್‌ಗಳು, ಕೆಳಗೆ ನೆಟ್‌ವರ್ಕ್. ಡ್ರೈವ್ ಪಕ್ಕದಲ್ಲೇ ಇಜೆಕ್ಟ್ ಗುಂಡಿ. ಫೈಲ್ಸ್ ಆ್ಯಪ್‌ನಲ್ಲಿ ಬೇಕಾದ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿದರೆ ಅದು ಮೆನುವಿಗೆ ಸೇರುತ್ತದೆ, ಲಾಗೌಟ್ ಮಾಡಬೇಕಿಲ್ಲ. ಈ ಪಟ್ಟಿ ಇರುವುದು ಹೋಮ್‌ನ ಅಡಗಿದ ಕಾನ್ಫಿಗ್ (.config) ಫೋಲ್ಡರಿನ ಜಿಟಿಕೆ-3.0 (gtk-3.0) ಒಳಗೆ, ಬುಕ್‌ಮಾರ್ಕ್ಸ್ ಎಂಬ ಸಾದಾ ಪಠ್ಯ ಫೈಲಿನಲ್ಲಿ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ್ದು ಕಾಣುತ್ತದೆ. ಸಾಲಿಗೊಂದು ವಿಳಾಸ, ಒಂದು ಸ್ಪೇಸ್, ಆಮೇಲೆ ತೋರಿಸಬೇಕಾದ ಹೆಸರು. ಈ ಹೆಸರು "ಜಮೀನು ಕಾಗದ" ಎಂದು ಕನ್ನಡದಲ್ಲೇ ಇರಬಹುದು. ವಿಳಾಸದೊಳಗೆ ಮಾತ್ರ ಸ್ಪೇಸ್ ಬರಕೂಡದು, ಅದರ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿ 20 ಎಂದು ಬರೆಯಬೇಕು. ಇಲ್ಲವಾದರೆ ವಿಳಾಸ ಅಲ್ಲಿಗೇ ತುಂಡಾಗಿ, ಉಳಿದದ್ದು ಹೆಸರಿನ ಪಾಲಾಗುತ್ತದೆ. ಇನ್ನೊಂದು ಕಿರಿಕಿರಿ: ಫೋಲ್ಡರಿನ ಹೆಸರನ್ನೋ ಜಾಗವನ್ನೋ ಬದಲಿಸಿದರೆ ಆ ಸಾಲು ಮೆನುವಿನಿಂದ ಸದ್ದಿಲ್ಲದೆ ಮಾಯವಾಗಬಹುದು, ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ.

ಅಪ್‌ಗ್ರೇಡ್ ವಿಷಯದಲ್ಲಿ ಮೂರೂ ಒಂದೇ ಅಲ್ಲ. ಆ್ಯಪ್ಸ್ ಮೆನು, ಪ್ಲೇಸಸ್ ಎರಡೂ ಗ್ನೋಮ್ ಯೋಜನೆಯದೇ ಎಕ್ಸ್‌ಟೆನ್ಷನ್ ಪ್ಯಾಕೇಜಿನವು, ಹೊಸ ಆವೃತ್ತಿಯ ಜೊತೆಗೇ ಬರುತ್ತವೆ. ಆರ್ಕ್‌ಮೆನು ಹೊರಗಿನವರದು, ಗ್ನೋಮ್ ಆರು ತಿಂಗಳಿಗೊಮ್ಮೆ ಬದಲಾದಾಗ ಅದು ಹಿಂದಿನಿಂದ ಓಡಿಬರಬೇಕು. 2023ರಲ್ಲಿ ಗ್ನೋಮ್ 45 ಬಂದಾಗ ಎಕ್ಸ್‌ಟೆನ್ಷನ್‌ಗಳ ಕೋಡ್ ಜೋಡಿಸುವ ಮಾಡ್ಯೂಲ್ ಪದ್ಧತಿಯೇ ಬದಲಾಗಿ, ತಿದ್ದದ ಹಳೆಯ ಎಕ್ಸ್‌ಟೆನ್ಷನ್‌ಗಳೆಲ್ಲ ನಿಂತುಹೋದವು. ಹಾಗಾಗಿ ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪ) ಅಪ್‌ಗ್ರೇಡ್‌ಗೆ ಮುನ್ನ ಎಕ್ಸ್‌ಟೆನ್ಷನ್ ಮ್ಯಾನೇಜರ್ ಆ್ಯಪ್‌ನ ಅಪ್‌ಗ್ರೇಡ್ ಅಸಿಸ್ಟೆಂಟ್ ತೆರೆದು, ಮುಂದಿನ ಆವೃತ್ತಿಗೆ ಯಾವುದು ಹೊಂದುತ್ತದೆ ನೋಡಿಕೊಳ್ಳಿ. ಆರ್ಕ್‌ಮೆನು ಹಾಕಿದ ತಕ್ಷಣವೇ ದೋಷ ತೋರಿಸಿದರೆ ಗ್ನೋಮ್-ಮೆನುಸ್ ಪ್ಯಾಕೇಜ್ ಇದೆಯೇ ಪರೀಕ್ಷಿಸಿ. ಅದನ್ನು ಹಾಕಿ ಲಾಗೌಟ್ ಆಗಿ ಬನ್ನಿ. ಪರದೆಗೆ ಚಿತ್ರ ಮೂಡಿಸುವ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಶೆಲ್ಲನ್ನು (ಗ್ನೋಮ್‌ನ ಮೇಲುಪಟ್ಟಿ, ಓವರ್‌ವ್ಯೂ ತೋರಿಸುವ ಭಾಗ) ಮಾತ್ರ ಮರುಪ್ರಾರಂಭಿಸುವ ದಾರಿ ಇಲ್ಲ.