ಲಿಕ್ಟೆನ್‌ಸ್ಟೈನ್ ಟ್ರೇಲ್: ಐದು ದಿನದ ನಡಿಗೆ, ಒಂದು ಕಿತ್ತುಹೋದ ಸೋಲ್

ದುರ್ಗದ ನಮ್ಮ ಟೈಲರಿಂಗ್ ಅಂಗಡಿಗೆ ಬ್ಲೌಸ್ ಕೊಡೋಕೆ ಬಂದವರೆಲ್ಲ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. "ಅಕ್ಕ, ಒಂದು ದೇಶಾನೇ ಪೂರ್ತಿ ನಡೆದು ಬಂದ್ರಂತೆ, ಹೌದಾ?" ಹೌದು. ನಾನೂ ನನ್ನ ನಾದಿನಿಯೂ ಮೇ ಕೊನೆಯಲ್ಲಿ ಐದು ದಿನ ನಡೆದು ಲಿಕ್ಟೆನ್‌ಸ್ಟೈನ್‌ನ ದಕ್ಷಿಣದ ತುದಿಯಿಂದ ಉತ್ತರದ ತುದಿ ಮುಟ್ಟಿದೆವು. ಎಲ್ಲರಿಗೂ ಕೂತು ಹೇಳೋಕೆ ಅಂಗಡಿಯಲ್ಲಿ ಪುರುಸೊತ್ತು ಆಗಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ.

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ ಇರುವ ಪುಟ್ಟ ದೇಶ ಇದು. 160 ಚದರ ಕಿಲೋಮೀಟರ್, ಉದ್ದ 25 ಕಿಲೋಮೀಟರ್ ಹತ್ತಿರ, ಜನ ಸುಮಾರು 40 ಸಾವಿರ. ನಮ್ಮ ಚಿತ್ರದುರ್ಗ ಊರೊಂದರಲ್ಲೇ 2011ರ ಜನಗಣತಿ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ ಜನ ಇದ್ದರು. 1719ರಲ್ಲಿ ವಾಡುಜ್ ಮತ್ತು ಶೆಲೆನ್‌ಬರ್ಗ್ ಅನ್ನುವ ಎರಡು ಸೀಮೆ ಸೇರಿ ಈ ಸಂಸ್ಥಾನ ಆಯಿತು. ಆಗ ದುರ್ಗದಲ್ಲಿ ಬಿಚ್ಚುಗತ್ತಿ ಭರಮಣ್ಣ ನಾಯಕರ ಆಳ್ವಿಕೆ. ಮುನ್ನೂರು ವರ್ಷ ತುಂಬಿದ ನೆನಪಿಗೆ 2019ರಲ್ಲಿ ಈ ಕಾಲುದಾರಿ ತೆರೆದರು. ದೇಶದ ಉದ್ದ 25 ಆದರೂ ದಾರಿ 75 ಕಿಲೋಮೀಟರ್. ಯಾಕೆಂದರೆ ಇದು ನೇರವಾಗಿ ಹೋಗಲ್ಲ, ಇರುವ 11 ಪಂಚಾಯಿತಿಗಳಲ್ಲಿ ಒಂದನ್ನೂ ಬಿಡದೆ ಸುತ್ತಿಕೊಂಡು ಹೋಗುತ್ತದೆ.

ಮಗಳು ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಟಿಕೆಟ್ ಅವಳದೇ. ನನಗೆ 53, ನಾದಿನಿಗೆ 49. ಇಡೀ ದಿನ ಮಿಷನ್ ತುಳಿಯುವ ಕಾಲು ನನ್ನದು, ಬೆಟ್ಟ ಹತ್ತಿ ಅಭ್ಯಾಸ ಇರಲಿಲ್ಲ. ಮೂರು ತಿಂಗಳು ದಿನಾ ಬೆಳಗ್ಗೆ ಕೋಟೆ ಹತ್ತಿದೆ. ನಾದಿನಿ ದಾವಣಗೆರೆಯಿಂದ ಶನಿವಾರ ಬಂದು ಭಾನುವಾರ ನನ್ನ ಜೊತೆ ಹತ್ತಿ ಹೋಗುತ್ತಿದ್ದಳು. ಅಷ್ಟು ಸಾಕಾಯಿತು. ಕೋಟೆಯನ್ನು ತುಪ್ಪದ ಕೊಳದವರೆಗೆ ನಿಲ್ಲದೆ ಹತ್ತುವವರು ಈ ದಾರಿಯನ್ನು ಧೈರ್ಯವಾಗಿ ನಡೆಯಬಹುದು. ಹಗ್ಗ ಹಿಡಿಯೋದು, ಹಿಮ ತುಳಿಯೋದು ಏನೂ ಇಲ್ಲ. ದೊಡ್ಡ ಶಿಖರಗಳು ಪಕ್ಕದಲ್ಲಿ ಕಾಣುತ್ತವೆ, ದಾರಿ ಅವುಗಳ ಮೇಲೆ ಹೋಗಲ್ಲ. ಶಿಖರವೇ ಬೇಕು ಅನ್ನುವವರಿಗೆ ಈ ದಾರಿ ಅಲ್ಲ.

ಜ್ಯೂರಿಕ್‌ನಿಂದ ಸಾರ್ಗನ್ಸ್‌ವರೆಗೆ ಒಂದು ಗಂಟೆ ರೈಲು, ಅಲ್ಲಿಂದ ಬಸ್ಸು. ವಿಮಾನ ನಿಲ್ದಾಣ ಇಲ್ಲ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ನಡೆಯುವ ಶೆಂಗೆನ್ ವೀಸಾ ಸಾಕು, ಗಡಿಯಲ್ಲಿ ಯಾರೂ ನಿಲ್ಲಿಸಲಿಲ್ಲ. ದುಡ್ಡು ಸ್ವಿಸ್ ಫ್ರಾಂಕ್.

ನನಗೆ ಜಾಸ್ತಿ ಇಷ್ಟವಾಗಿದ್ದು ಹಳದಿ ಬೋರ್ಡುಗಳು. ಪ್ರತಿ ಕವಲಿನಲ್ಲೂ ಒಂದು ಕಂಬ, ಅದರ ಮೇಲೆ ಬಾಣದ ತುದಿಯ ಹಳದಿ ಹಲಗೆ. ಅದರಲ್ಲಿ ಕಿಲೋಮೀಟರ್ ಬರೆದಿಲ್ಲ, ಗಂಟೆ ನಿಮಿಷ ಬರೆದಿದೆ. ಮುಂದಿನ ಊರಿಗೆ 50 ನಿಮಿಷ, ಆಚೆ ಊರಿಗೆ 2 ಗಂಟೆ 10 ನಿಮಿಷ, ಹೀಗೆ. ಸ್ವಿಟ್ಜರ್ಲೆಂಡಿನ ಬೋರ್ಡುಗಳೂ ಹೀಗೇ. ಸಮತಟ್ಟು ದಾರಿಗೆ ಗಂಟೆಗೆ 4.2 ಕಿಲೋಮೀಟರ್ ಅಂತ ಹಿಡಿದು, ಏರು ಇಳಿತಕ್ಕೆ ಹೊತ್ತು ಸೇರಿಸುತ್ತಾರಂತೆ. ಕೂತು ನೀರು ಕುಡಿಯುವ ಹೊತ್ತು ಅದರಲ್ಲಿ ಸೇರಿಲ್ಲ. ನಾವು ಮೊದಲ ದಿನವೇ ಹೋಲಿಸಿ ನೋಡಿದೆವು, ಬೋರ್ಡಿನಲ್ಲಿ ಒಂದು ಗಂಟೆ ಇದ್ದರೆ ನಮಗೆ ಒಂದೂವರೆ. ಆಮೇಲೆ ಬೋರ್ಡು ನೋಡಿದ ತಕ್ಷಣ ಅರ್ಧ ಸೇರಿಸಿಕೊಂಡು ಹೊರಡುತ್ತಿದ್ದೆವು, ಒಂದು ದಿನವೂ ಕತ್ತಲಾಗಲಿಲ್ಲ. ದಾರಿಯ ಕತೆ ಹೇಳುವ ಒಂದು ಆ್ಯಪ್ ಕೂಡ ಇದೆ, ಹಳೇ ಕಾಲದ ಕಟ್ಟಡ ಹೇಗಿತ್ತು ಅಂತ ಮೊಬೈಲಲ್ಲಿ ತೋರಿಸುತ್ತದೆ. ಇಂಗ್ಲಿಷ್ ಇದೆ. ನಾದಿನಿಗೆ ಅದು ಹಿಡಿಸಿತು, ನನಗೆ ಹಲಗೆಯೇ ಸಾಕಿತ್ತು.

ಆ ಹಲಗೆ ನೋಡಿದಾಗಲೆಲ್ಲ ನಮ್ಮ ದುರ್ಗದ ನೆನಪು. ಚಂದ್ರವಳ್ಳಿ, ಕೋಟೆಯ ಹಿಂಬದಿ, ಜೋಗಿಮಟ್ಟಿ, ಎಷ್ಟು ಚೆನ್ನಾದ ಜಾಗಗಳು ನಮ್ಮಲ್ಲಿ. ಕವಲಿಗೊಂದು ಹಲಗೆ, ಗಂಟೆ ನಿಮಿಷ ಬರೆದು ನಿಲ್ಲಿಸಿದರೆ ನಮ್ಮ ಹೆಣ್ಣುಮಕ್ಕಳು ಇಬ್ಬರೇ ಮೂವರೇ ಹೆದರದೆ ಹೊರಡುತ್ತಾರೆ. ಇದನ್ನು ಬಂದ ದಿನದಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಮೊದಲ ದಿನ ಬಾಲ್ಜರ್ಸ್‌ನಿಂದ ಶುರು. ಊರ ನಡುವಿನ ಗುಡ್ಡದ ಮೇಲೆ ಗುಟೆನ್‌ಬರ್ಗ್ ಕೋಟೆ. ಏಳು ಸುತ್ತಿನ ಕೋಟೆ ಊರಿನವರಿಗೆ ಅದು ಚಿಕ್ಕದು. ಆದರೆ ಕೆಳಗೆ ದ್ರಾಕ್ಷಿ ತೋಟ, ಮೇಲೆ ಕೋಟೆ, ಅದರ ಹಿಂದೆ ಹಿಮದ ಬೆಟ್ಟ, ಆ ನೋಟಕ್ಕೆ ಸುಮ್ನೆ ಒಂದು ಗಂಟೆ ಕೂತೆವು. ತೋಟದಲ್ಲಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ "ಹೋಯ್" ಅಂದರು. ನಾದಿನಿ ಗಕ್ಕನೆ ತಿರುಗಿದಳು, ನಮ್ಮ ಕಡೆಯವರು ಯಾರೋ ಹೊಲದಿಂದ ಕೂಗಿದರು ಅಂತ. ಅಲ್ಲಿ ನಮಸ್ಕಾರಕ್ಕೆ "ಹೋಯ್" ಅನ್ನುತ್ತಾರೆ. ಆಮೇಲೆ ಐದೂ ದಿನ ಎದುರು ಬಂದವರಿಗೆಲ್ಲ ನಾವೂ "ಹೋಯ್" ಅಂದೆವು. ಒಬ್ಬರೂ ಮುಖ ತಿರುಗಿಸಿಕೊಂಡು ಹೋಗಲಿಲ್ಲ.

ಎರಡನೇ ದಿನ ಟ್ರೀಸನ್‌ಬರ್ಗ್ ಏರು. ಐದು ದಿನದಲ್ಲಿ ಇದೇ ಕಷ್ಟದ್ದು, ಇದೇ ಚೆಂದದ್ದು. ಸುಮಾರು 1300ರ ಹೊತ್ತಿಗೆ ವಾಲ್ಸರ್ ಅನ್ನುವ ಜನ ಸ್ವಿಟ್ಜರ್ಲೆಂಡಿನ ಆ ಕಡೆಯಿಂದ ಬಂದು ಈ ಬೆಟ್ಟದ ಮೇಲೆ ನೆಲೆ ನಿಂತರು. ಅವರ ಮಾತಿನ ಧಾಟಿ ಕೆಳಗಿನವರಿಗಿಂತ ಈಗಲೂ ಬೇರೆ. ಹಸುಗಳ ಕೊರಳ ಗಂಟೆ ಬಿಟ್ಟರೆ ಸದ್ದೇ ಇಲ್ಲ. ಅವತ್ತು ಬೆಟ್ಟದಿಂದ ಬಿಸಿ ಗಾಳಿ ಇಳಿಯುತ್ತಿತ್ತು. ಅದಕ್ಕೆ ಫ್ಯೋನ್ (Föhn) ಗಾಳಿ ಅನ್ನುತ್ತಾರೆ, ತಲೆನೋವು ತರುತ್ತದೆ ಅಂತಲೂ ಅಲ್ಲಿಯವರು ಹೇಳುತ್ತಾರೆ. ಜೋಗಿಮಟ್ಟಿಯ ಗಾಳಿ ಕುಡಿದು ಬೆಳೆದ ನಮಗೆ ಏನೂ ಆಗಲಿಲ್ಲ.

ಮೂರನೇ ದಿನ, ಭಾನುವಾರ. ಪ್ಲಾಂಕನ್ ಊರಿಗೆ ಕಾಡಿನಲ್ಲಿ ಏರುತ್ತಿದ್ದೆವು. ಹಿಂದಿನಿಂದ ನಾದಿನಿ, "ಅತ್ತಿಗೆ, ನಿಲ್ಲಿ ನಿಲ್ಲಿ, ನಿಮ್ ಶೂ ಬಾಯಿ ಬಿಟ್ಟಿದೆ" ಅಂದಳು. ಬಗ್ಗಿ ನೋಡಿದರೆ ಬಲಗಾಲಿನ ಸೋಲ್ ಹಿಮ್ಮಡಿಯಿಂದ ಕಿತ್ತು ನೇತಾಡುತ್ತಿದೆ. ಬೆರಳು ಇಟ್ಟು ಒತ್ತಿದೆ. ಸೋಲಿಗೂ ಮೇಲಿನ ಚರ್ಮಕ್ಕೂ ನಡುವೆ ಇರುವ ಮೆತ್ತನೆಯ ಪದರ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಹೊಲಿಗೆ ಹಾಕೋಣ ಅಂದರೆ ಸೂಜಿ ಹಿಡಿಯುವಷ್ಟೂ ಗಟ್ಟಿ ಇಲ್ಲ.

ಆ ಶೂ ನಾಲ್ಕು ವರ್ಷದ ಹಿಂದೆ ಮಗಳು ಕೊಡಿಸಿದ್ದು, ಒಳ್ಳೇ ಕಂಪನಿಯದೇ. ಹಾಳಾಗಬಾರದು ಅಂತ ಡಬ್ಬದಲ್ಲಿ ಅಟ್ಟದ ಮೇಲೆ ಇಟ್ಟಿದ್ದೆ, ಕೋಟೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಆ ಪದರ ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್. ಗಾಳಿಯಲ್ಲಿರುವ ತೇವ ಅದನ್ನು ವರ್ಷಗಟ್ಟಲೆ ಒಳಗೊಳಗೇ ತಿನ್ನುತ್ತದೆ. ಹಾಕದೆ ಇಟ್ಟರೂ ಹಾಳಾಗುತ್ತದೆ. ಹೊರಗಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ದಯವಿಟ್ಟು ಇದನ್ನು ಓದುವವರು ಹೊರಡುವ ಒಂದು ತಿಂಗಳ ಮೊದಲು ನಿಮ್ಮ ಶೂ ಹೊರಗೆ ತೆಗೆದು, ಸೋಲ್ ಬಗ್ಗಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿ. ಅದನ್ನೇ ಹಾಕಿಕೊಂಡು ಹತ್ತು ಸಲ ಕೋಟೆ ಹತ್ತಿ.

ನಾನು ಎಲ್ಲಿಗೆ ಹೋದರೂ ಬ್ಯಾಗಲ್ಲಿ ಸೂಜಿ, ದಾರ, ಎರಡು ಮೊಳ ಲಾಡಿ ಇರುತ್ತದೆ. ಲಂಗದ ಲಾಡಿಯನ್ನು ಸೋಲಿನ ಕೆಳಗಿಂದ ತಂದು, ಪಾದದ ಮೇಲೆ ಅಡ್ಡಡ್ಡ ಹಾಕಿ, ಹಿಮ್ಮಡಿ ಹಿಂದೆ ಎರಡು ಗಂಟು ಬಿಗಿದೆ. ಕಾಟನ್ ಲಾಡಿ ಆದ್ದರಿಂದ ಜಾರಲಿಲ್ಲ. ಹಾಗೇ ಮುಕ್ಕಾಲು ಗಂಟೆ ನಡೆದು ಪ್ಲಾಂಕನ್ ಬಸ್ ಸ್ಟಾಪ್ ಮುಟ್ಟಿದೆ. ಅಂಗಡಿಗಳಿಗೆ ಭಾನುವಾರ ರಜಾ, ಆದರೆ ಬಸ್ಸು ಬಂತು. ಈ ದಾರಿಗೆ ನಾನು ಪೂರ್ತಿ ಅಂಕ ಕೊಡೋದು ಇದಕ್ಕೇ. ಕಾಲು ನೋಯಲಿ, ಮಳೆ ಬರಲಿ, ಶೂ ಕಿತ್ತುಹೋಗಲಿ, ಹತ್ತಿರದಲ್ಲೇ ಒಂದು ಊರು, ಊರಿಗೊಂದು ಬಸ್ಸು. ಅರ್ಧಕ್ಕೆ ಬಿಟ್ಟ ಜಾಗಕ್ಕೆ ಮಾರನೇ ದಿನ ಅದೇ ಬಸ್ಸಲ್ಲಿ ಬಂದು ಮುಂದುವರಿಸಬಹುದು. ನಾವು ಐದೂ ರಾತ್ರಿ ಶಾನ್‌ನಲ್ಲೇ ಒಂದು ರೂಮು ಮಾಡಿಕೊಂಡು, ದಿನಾ ಬಸ್ಸಲ್ಲಿ ಹೋಗಿ ನಡೆದು ವಾಪಸ್ ಬರುತ್ತಿದ್ದೆವು. ಬೆನ್ನ ಮೇಲೆ ನೀರು, ಊಟ, ರೇನ್‌ಕೋಟ್ ಅಷ್ಟೇ.

ಸೋಮವಾರ ಬೆಳಗ್ಗೆ ಶಾನ್‌ನಲ್ಲಿ 160 ಫ್ರಾಂಕ್ ಕೊಟ್ಟು ಹೊಸ ಶೂ ತಗೊಂಡೆ. ಆಗ ಒಂದು ಫ್ರಾಂಕ್ ಅಂದರೆ ನಮ್ಮ ನೂರು ರೂಪಾಯಿ ಹತ್ತಿರ ಇತ್ತು. ಹೊಟ್ಟೆ ಉರಿಯಿತು. ಅದೃಷ್ಟಕ್ಕೆ ನಾಲ್ಕನೇ ದಿನ ಸಮತಟ್ಟು, ರೈನ್ ನದಿಯ ಏರಿ ಮೇಲೆ ತುಂಬ ಹೊತ್ತು ನಡಿಗೆ, ಹೊಸ ಶೂ ಕಾಲಿಗೆ ಹೊಂದಿಕೊಂಡಿತು. ಈ ಭಾಗ ಬೇಜಾರು, ತಾರು ರಸ್ತೆ ಜಾಸ್ತಿ. ರುಗೆಲ್ ಊರಿನ ಜೌಗು ನೆಲ ಬಂದ ಮೇಲೆ ಬೇಜಾರೆಲ್ಲ ಹೋಯಿತು. ಮೇ ಕೊನೆ, ಜೂನ್‌ನಲ್ಲಿ ಅಲ್ಲಿ ನೀಲಿ ಐರಿಸ್ ಹೂವು ಅರಳುತ್ತದೆ. ಹಸಿರು ಹುಲ್ಲಿನ ನಡುವೆ ಅಷ್ಟು ನೀಲಿ! ಒಂದು ಹೂವಿನ ಮುಂದೆ ಕೂತು ನೋಡಿದೆ. ಕೆಳಗೆ ಬಾಗಿದ ಎಸಳಿನ ಬುಡದಲ್ಲಿ ಬಿಳಿ, ಅದರ ಮೇಲೆ ಸಣ್ಣ ನೀಲಿ ಗೆರೆಗಳು, ಇಳಕಲ್ ಸೀರೆಯ ಅಂಚಿಗೆ ಎಳೆ ಎಣಿಸಿ ಕೂರಿಸಿದ ಹಾಗೆ. ಹೋಗೋದಾದರೆ ಆ ಹೊತ್ತಿಗೇ ಹೋಗಿ.

ಊಟದ ವಿಷಯ. ಶಾಕಾಹಾರಿಗಳಿಗೆ ಸ್ವಲ್ಪ ಕಷ್ಟ, ಉಪವಾಸ ಅಂತೂ ಇಲ್ಲ. ಹೋಟೆಲುಗಳಿಗೆ ವಾರದಲ್ಲಿ ಒಂದೆರಡು ದಿನ ರಜಾ ಇರುತ್ತದೆ, ಮೊದಲೇ ನೋಡಿಕೊಳ್ಳಿ. ಸೋಮವಾರ ಮಧ್ಯಾಹ್ನ ನಾವು ನೆಚ್ಚಿಕೊಂಡು ಹೋದ ಹೋಟೆಲ್ ಬಾಗಿಲು ಹಾಕಿತ್ತು. ಕಟಕ್ ರೊಟ್ಟಿ, ಚಳ್ಳಕೆರೆ ಶೇಂಗಾದ ಚಟ್ನಿಪುಡಿ ಕಾಪಾಡಿತು. ತುಪ್ಪ, ಬೆಣ್ಣೆ, ಹಾಲಿನ ಸಿಹಿ ಇಲ್ಲಿಂದ ಒಯ್ಯಬೇಡಿ, ಹೊರ ದೇಶದ ಹಾಲಿನ ಪದಾರ್ಥ ಅಲ್ಲಿಗೆ ತರುವ ಹಾಗಿಲ್ಲ. ನೀರಿಗೆ ಊರೂರಲ್ಲೂ ಕಲ್ಲಿನ ತೊಟ್ಟಿ, ನಲ್ಲಿ ಇದೆ. 'ಕೈನ್ ಟ್ರಿಂಕ್‌ವಾಸರ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ರಿಬೆಲ್ ಅಂತ ಅವರದೊಂದು ಹಳೇ ತಿಂಡಿ. ಮೆಕ್ಕೆಜೋಳದ ರವೆಯನ್ನು ಹಾಲು ನೀರಲ್ಲಿ ಬೇಯಿಸಿ, ಆಮೇಲೆ ಬೆಣ್ಣೆಯಲ್ಲಿ ಉದುರುದುರಾಗಿ ಹುರಿಯುತ್ತಾರೆ. ನೋಡೋಕೆ ಉದುರು ಉಪ್ಪಿಟ್ಟು. ಜೊತೆಗೆ ಬೇಯಿಸಿದ ಸೇಬಿನ ಗೊಜ್ಜು. ನಾದಿನಿಯ ಮನೆಯವರು ಹೊಲದ ತುಂಬ ಮೆಕ್ಕೆಜೋಳ ಬೆಳೆಯುತ್ತಾರೆ. ಅವಳು ಎರಡು ಚಮಚ ತಿಂದು ಸುಮ್ಮನಾದಳು. ಆಮೇಲೆ, "ಅತ್ತಿಗೆ, ನಾವು ಬೆಳೆದದ್ದೆಲ್ಲ ಕೋಳಿ ಮೇವಿಗೆ ಹೋಗುತ್ತೆ. ನಾವ್ಯಾಕೆ ಹಿಂಗೆ ಮಾಡ್ಕೊಂಡು ತಿನ್ನಲ್ಲ?" ಅಂದಳು. ಊರಿಗೆ ಬಂದ ವಾರವೇ ದಾವಣಗೆರೆ ಬೆಣ್ಣೆಯಲ್ಲಿ ಮಾಡಿ ಡಬ್ಬದಲ್ಲಿ ಕಳಿಸಿದ್ದಳು. ಸೇಬಿನ ಬದಲು ಬೆಲ್ಲದ ಪಾನಕ. ಅಲ್ಲಿಯದಕ್ಕಿಂತ ನನಗೆ ಇದೇ ರುಚಿ.

ಐದನೇ ದಿನ ಶೆಲೆನ್‌ಬರ್ಗ್‌ನ ಪಾಳು ಕೋಟೆ ನೋಡಿ, ಕಾಡಿಳಿದು ಮಧ್ಯಾಹ್ನಕ್ಕೆ ಮುಗಿಸಿದೆವು.

ರೂಮಿಗೆ ದಿನಕ್ಕೆ ಇಬ್ಬರಿಗೂ ಸೇರಿ 170 ಫ್ರಾಂಕ್ ಆಯಿತು. ಖರ್ಚಿನ ದೇಶ, ಅದರಲ್ಲಿ ಮುಚ್ಚಿಡೋದು ಏನಿಲ್ಲ. ನಕ್ಷೆ, ಬಸ್ಸಿನ ಹಾಳೆ ಎಲ್ಲ ನನ್ನ ಹತ್ತಿರ ಇದೆ, ಬೇಕಾದವರು ಸಂಜೆ ಅಂಗಡಿಗೆ ಬನ್ನಿ. ಭಾನುವಾರ ಬೆಳಗ್ಗೆ ಆದರೆ ಕೋಟೆಯಲ್ಲಿ ಸಿಗುತ್ತೇನೆ, ಆ 160 ಫ್ರಾಂಕಿನ ಶೂ ಹಾಕಿಕೊಂಡು.